ಹಳದಿ ಕೆಂಪಾಗದಿದ್ದರೆ: ಪೆಪ್ಟೈಡ್ ಪ್ರದರ್ಶನದ ದೋಷ ಹುಡುಕುವ ಬಗೆ

ತೊಂಬತ್ತಾರು ವೆಲ್‌ಗಳ, ಎಂದರೆ ಪುಟ್ಟ ಗುಳಿಗಳ, ಪ್ಲೇಟ್. ಕೋಶಗಳು ಒಳಗಿನ ಪ್ರೋಟೀನಿನ ಚೂರನ್ನು (ಪೆಪ್ಟೈಡ್) ಹೊರಮೈ ಮೇಲೆ ತೋರಿಸುತ್ತಿವೆಯೇ, ರೋಗನಿರೋಧಕ ಪಡೆಯ ಟಿ ಕೋಶಗಳು ಅದನ್ನು ಗುರುತಿಸುತ್ತಿವೆಯೇ ಎಂದು ನೋಡುವ ಪ್ರಯೋಗ. ರಾತ್ರಿಯಿಡೀ ಇನ್‌ಕ್ಯುಬೇಟರ್‌ನಲ್ಲಿತ್ತು. ಬೆಳಿಗ್ಗೆ, ಟಿ ಕೋಶ ಚೂರನ್ನು ಗುರುತಿಸಿದ್ದರೆ ಹಳದಿಯಿಂದ ಕೆಂಪಾಗುವ ಸಿಪಿಆರ್‌ಜಿ ದ್ರಾವಣ ಹಾಕಿ ಕಾಫಿಗೆ ಹೋದೆ. ಬಂದು ನೋಡುವಷ್ಟರಲ್ಲಿ ಅರ್ಧ ಪ್ಲೇಟಾದರೂ ಕೆಂಪಾಗಿರಬೇಕಿತ್ತು. ಒಂದೂ ಇಲ್ಲ. ಊಟ ಮುಗಿಸಿ ಬಂದು ಮತ್ತೆ ನೋಡಿದೆ. ಆಗಲೂ ಎಲ್ಲ ಹಳದಿ.

ಆಮೇಲಿನ ಮೂರು ತಿಂಗಳು ನಾವು ಮಾಡಿದ್ದು ತಪ್ಪು. ದೋಷ ಎಲ್ಲಿದೆ ಎಂದು ಹುಡುಕುವ ಬದಲು, ನಮಗೆ ಇಷ್ಟವಾದ ಜಾಗದಲ್ಲಿ ದೋಷ ಇದೆ ಎಂದು ತೋರಿಸಲು ಹೊರಟೆವು. ಟ್ಯಾಪ್ ಎಂಬ ಸಾಗಣೆ ಪ್ರೋಟೀನ್ ಕೆಟ್ಟಿರಬೇಕು ಎಂದು ಯಾರೋ ಅಂದರು. ಎಲ್ಲರೂ ತಲೆಯಾಡಿಸಿದೆವು. ಟ್ಯಾಪ್ ಕೆಟ್ಟಿರಲಿಲ್ಲ. ನಿಜವಾದ ಕಾರಣಕ್ಕೆ ಕೊನೆಯಲ್ಲಿ ಬರುತ್ತೇನೆ. ಅದನ್ನು ಒಂದೇ ವಾರದಲ್ಲಿ ಹಿಡಿಯಬಹುದಿತ್ತು. ಹೇಗೆ ಎನ್ನುವುದಕ್ಕೇ ಈ ಬರಹ.

ಮೊದಲು ದಾರಿ ಗೊತ್ತಿರಲಿ

ಮನೆಯ ಮುಸುರೆ ಬಕೆಟ್ ನೋಡಿದರೆ ಒಳಗೆ ಇವತ್ತು ಏನು ಅಡುಗೆ ಎಂದು ಹೇಳಬಹುದು. ಜೀವಕೋಶ ಆ ಬಕೆಟ್ಟನ್ನು ತಾನೇ ತಂದು ಹೊಸ್ತಿಲ ಮೇಲೆ ಇಡುತ್ತದೆ. ಒಳಗೆ ತಯಾರಾದ ಪ್ರೋಟೀನುಗಳನ್ನು ಕತ್ತರಿಸಿ, ಚೂರುಗಳನ್ನು ಹೊರಮೈ ಮೇಲೆ ಹಿಡಿದು ತೋರಿಸುತ್ತದೆ. ಓಡಾಡುವ ಟಿ ಕೋಶಗಳು ಒಂದೊಂದೇ ಮನೆಯ ಮುಂದೆ ನಿಂತು ಇಣುಕುತ್ತವೆ. ತನ್ನ ಮನೆಯದ್ದೇ ಚೂರಾದರೆ ಮುಂದೆ ಹೋಗುತ್ತವೆ. ವೈರಸ್ಸಿನ ಚೂರು ಕಂಡರೆ ಗಲಾಟೆ.

ಚೂರು ಹೊರಗೆ ಬರುವ ದಾರಿ ಹೀಗಿದೆ. ಹಳೆಯದಾದ ಅಥವಾ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಯಂತ್ರ ಕತ್ತರಿಸುತ್ತದೆ. ಇದರ ನಡುವಿನ ಪೀಪಾಯಿ 28 ಭಾಗಗಳದ್ದು, ಏಳರಂತೆ ನಾಲ್ಕು ಬಳೆ. ಹೊರಬಿದ್ದ ಪೆಪ್ಟೈಡ್ ಚೂರನ್ನು ಟ್ಯಾಪ್ ಹಿಡಿದು ಇಆರ್ ಎಂಬ ಒಳಕೋಣೆಗೆ ದಾಟಿಸುತ್ತದೆ. ಅಲ್ಲಿ ಇರ್ಯಾಪ್ ಎಂಬ ಕಿಣ್ವ ಚೂರಿನ ಎಡ ತುದಿಯನ್ನು ಸವರುತ್ತದೆ. ಟ್ಯಾಪಾಸಿನ್ ಮತ್ತು ಅದರ ಸಂಗಾತಿಗಳು ಚೂರನ್ನು ಹೊತ್ತು ತೋರಿಸುವ ಎಂಎಚ್‌ಸಿ ಎಂಬ ಪ್ರೋಟೀನನ್ನು, ಇನ್ನೂ ಖಾಲಿ ಇರುವಾಗ, ಹಿಡಿದುಕೊಂಡು ಕಾಯುತ್ತಿರುತ್ತವೆ. ಒಂದನೇ ದರ್ಜೆಯ ಎಂಎಚ್‌ಸಿ ಎಂದರೆ ಒಂದು ಭಾರವಾದ ಸರಪಳಿ, ಜೊತೆಗೆ ಬೀಟಾ-2-ಎಂ ಎಂಬ ಸಣ್ಣ ಪ್ರೋಟೀನ್. ಮೇಲೆ ಒಂದು ತೋಡು. ತೋಡಿನ ಎರಡೂ ತುದಿ ಮುಚ್ಚಿದೆ, ಆದ್ದರಿಂದ ಸಾಮಾನ್ಯವಾಗಿ ಎಂಟರಿಂದ ಹತ್ತು ಅಮೈನೋ ಆಮ್ಲದ ಚೂರೇ ಅಲ್ಲಿ ಕೂರುತ್ತದೆ. ಚೂರು ಕೂತ ಮೇಲೆ ಗಾಲ್ಜಿ ಎಂಬ ರವಾನೆ ಕೋಣೆ ದಾಟಿ ಹೊರಮೈಗೆ.

ನಮ್ಮ ಪ್ರಯೋಗದಲ್ಲಿದ್ದ ಪ್ರೋಟೀನ್ ಮೊಟ್ಟೆಯ ಬಿಳಿಯಲ್ಲಿರುವ ಓವಾಲ್ಬುಮಿನ್. 385 ಅಮೈನೋ ಆಮ್ಲ. ಅದರಲ್ಲಿ 257ರಿಂದ 264ರವರೆಗಿನ ಎಂಟು ಮಾತ್ರ ನಮಗೆ ಬೇಕು. ಆ ಎಂಟರ ಅಕ್ಷರಗಳನ್ನು ಸೇರಿಸಿ ಲ್ಯಾಬುಗಳಲ್ಲಿ ಸಿನ್‌ಫೆಕಲ್ ಎನ್ನುತ್ತಾರೆ. ಇಮ್ಯುನಾಲಜಿ ಕಲಿತವರಿಗೆ ಇದು ಕಾಗುಣಿತದ ಹಾಗೆ ಬಾಯಿಪಾಠ. ಕಪ್ಪು ಇಲಿ ತಳಿ ಸಿ57ಬಿಎಲ್/6ರ ಕೆ-ಬಿ ಎಂಬ ಎಂಎಚ್‌ಸಿಯಲ್ಲಿ ಇದು ಗಟ್ಟಿಯಾಗಿ ಕೂರುತ್ತದೆ. ತೋರಿಸುವ ಕೋಶ ಇ.ಜಿ7. ಇಎಲ್4 ಎಂಬ ಇಲಿ ಲಿಂಫೋಮಾಕ್ಕೆ ಓವಾಲ್ಬುಮಿನ್ ಜೀನ್ ಸೇರಿಸಿ ಮಾಡಿದ್ದು, 1988ರಲ್ಲಿ ಪ್ರಕಟವಾದದ್ದು. ನೋಡುವ ಟಿ ಕೋಶ ಬಿ3ಝಡ್. ಇದು ನೀಲಾಭ್ ಶಾಸ್ತ್ರಿ ಅವರ ಬರ್ಕ್ಲಿ ಲ್ಯಾಬಿನ ಕೊಡುಗೆ. ಸಿನ್‌ಫೆಕಲ್ ಕಂಡರೆ ಈ ಕೋಶದೊಳಗೆ ಲ್ಯಾಕ್-ಝಡ್ ಜೀನ್ ಹೊತ್ತಿಕೊಳ್ಳುತ್ತದೆ, ಅದರ ಕಿಣ್ವ ಹಳದಿ ಸಿಪಿಆರ್‌ಜಿಯನ್ನು ಕೆಂಪು ಮಾಡುತ್ತದೆ. 595 ನ್ಯಾನೊಮೀಟರ್‌ನಲ್ಲಿ ಓದಿದರೆ ಅಂಕಿ ಸಿಗುತ್ತದೆ. ಟಿ ಕೋಶದ ಮನಸ್ಸು ಓದಲು ಇದಕ್ಕಿಂತ ಅಗ್ಗದ ದಾರಿ ನಾನು ಕಂಡಿಲ್ಲ.

ನಡುವಿಗೆ ಟೆಸ್ಟರ್ ಇಡಿ

ನಮ್ಮ ತೋಟದ ಬೋರ್ ಓಡದಿದ್ದರೆ ಅಪ್ಪ ತಕ್ಷಣ ಮೋಟರ್ ಎತ್ತಿಸಲು ಹೋಗುತ್ತಿರಲಿಲ್ಲ. ಎತ್ತಿಸುವುದಕ್ಕೆ ಒಂದು ದಿನ, ಒಂದಷ್ಟು ದುಡ್ಡು, ನಾಲ್ಕು ಆಳು ಬೇಕು. ಮೊದಲು ಸ್ಟಾರ್ಟರ್ ಪೆಟ್ಟಿಗೆ ತೆಗೆದು ಟೆಸ್ಟರ್ ಇಡುತ್ತಿದ್ದರು. ಮೂರು ಫೇಸೂ ಅಲ್ಲಿತನಕ ಬಂದಿದ್ದರೆ ತೊಂದರೆ ಅಲ್ಲಿಂದ ಮೋಟರ್ ಕಡೆಗೆ. ಬಂದಿಲ್ಲವಾದರೆ ಕಂಬದ ಕಡೆಗೆ. ಒಂದೇ ನೋಟಕ್ಕೆ ಅರ್ಧ ದಾರಿ ಕಳೆಯಿತು.

ಇಲ್ಲಿ ಸ್ಟಾರ್ಟರ್ ಪೆಟ್ಟಿಗೆ ಯಾವುದು? ಕೋಶದ ಹೊರಮೈ. ಅಂಗಡಿಯಿಂದ ತಂದ ಸಿನ್‌ಫೆಕಲ್ ಪೆಪ್ಟೈಡನ್ನು ಹೊರಗಿನಿಂದಲೇ ಕೋಶಗಳ ಮೇಲೆ ಹಾಕಿ. ಅದು ನೇರವಾಗಿ ಹೊರಮೈಯ ಕೆ-ಬಿ ಮೇಲೆ ಕೂರುತ್ತದೆ. ಪ್ರೋಟಿಯಾಸೋಮ್ ಬೇಡ, ಟ್ಯಾಪ್ ಬೇಡ, ಏನೂ ಬೇಡ. ಒಂದು ಗಂಟೆ ಬಿಟ್ಟು, ತೊಳೆದು, ಬಿ3ಝಡ್ ಹಾಕಿ.

ಕೆಂಪಾಯಿತೇ? ಟಿ ಕೋಶ ಸರಿ ಇದೆ, ಕೆ-ಬಿ ಇದೆ, ಬಣ್ಣದ ದ್ರಾವಣ ಸರಿ ಇದೆ. ದೋಷ ಕೋಶದ ಒಳಗೆ. ಹಳದಿಯೇ ಉಳಿಯಿತೇ? ಒಳಗೆ ಕೈ ಹಾಕುವುದೇ ಬೇಡ. ದೋಷ ಹೊರಮೈಯಲ್ಲಿದೆ, ಇಲ್ಲವೇ ಟಿ ಕೋಶದಲ್ಲಿದೆ, ಇಲ್ಲವೇ ನಿಮ್ಮ ಬಾಟಲಿಯಲ್ಲಿದೆ.

ಇಲ್ಲಿ ಒಂದು ಗುಂಡಿ ಇದೆ, ಎಷ್ಟೋ ಜನ ಬೀಳುತ್ತಾರೆ. ಟಿ ಕೋಶಕ್ಕೆ ಬೇಕಾಗುವ ಚೂರುಗಳ ಸಂಖ್ಯೆ ಬಹಳ ಕಡಿಮೆ. ಬಿ3ಝಡ್ ಒಂದು ನ್ಯಾನೊಮೋಲಾರ್‌ಗಿಂತ ಕೆಳಗಿನ ಪೆಪ್ಟೈಡಿಗೂ ಎಚ್ಚರಗೊಳ್ಳುತ್ತದೆ. ನೀವು ಧಾರಾಳವಾಗಿ ಒಂದು ಮೈಕ್ರೋಮೋಲಾರ್, ಅಂದರೆ ಸಾವಿರ ನ್ಯಾನೊಮೋಲಾರ್, ಸುರಿದರೆ, ಕೆ-ಬಿ ಹೊರಮೈಯಲ್ಲಿ ಹತ್ತರಲ್ಲಿ ಒಂದು ಪಾಲಿದ್ದರೂ ವೆಲ್ ಕೆಂಪಾಗಿಬಿಡುತ್ತದೆ. ನೀವು ಹೊರಮೈ ಸರಿ ಇದೆ ಎಂದು ಬರೆದುಕೊಂಡು ಮುಂದೆ ಹೋಗುತ್ತೀರಿ. ಆದ್ದರಿಂದ ಒಂದೇ ಪ್ರಮಾಣ ಹಾಕಬೇಡಿ. 10 ನ್ಯಾನೊಮೋಲಾರ್‌ನಿಂದ ಶುರು ಮಾಡಿ ಹತ್ತತ್ತು ಪಟ್ಟು ಇಳಿಸುತ್ತಾ ಆರು ವೆಲ್ ಮಾಡಿ. ಪಕ್ಕದಲ್ಲಿ ಒಳ್ಳೆಯ ಕೋಶವೆಂದು ಗೊತ್ತಿರುವ ಇಎಲ್4ಗೂ ಅದೇ ಆರು. ಗ್ರಾಫಿನಲ್ಲಿ ಎರಡರ ಗೆರೆ ಒಂದರ ಮೇಲೊಂದು ಬಿದ್ದರೆ ಮಾತ್ರ ಹೊರಮೈ ಸರಿ ಎನ್ನಿ. ನಿಮ್ಮ ಕೋಶದ ಗೆರೆ ಬಲಕ್ಕೆ ಸರಿದಿದ್ದರೆ ಕೆ-ಬಿ ಕಡಿಮೆ ಇದೆ.

ಪೆಪ್ಟೈಡ್ ಹಾಕಿದರೂ ಹಳದಿಯಾದರೆ ಟಿ ಕೋಶವನ್ನು ಒಂಟಿಯಾಗಿ ಪರೀಕ್ಷಿಸಿ. ಟಿ ಕೋಶವನ್ನು ನೇರವಾಗಿ ಎಬ್ಬಿಸುವ ಪಿಎಂಎ ಮತ್ತು ಅಯೋನೊಮೈಸಿನ್ ಎಂಬ ರಾಸಾಯನಿಕ ಎರಡನ್ನೂ ಹಾಕಿದರೆ ಬಿ3ಝಡ್ ಯಾರನ್ನೂ ನೋಡದೆಯೇ ಲ್ಯಾಕ್-ಝಡ್ ಹೊತ್ತಿಸಬೇಕು. ಅದಕ್ಕೂ ಹಳದಿಯಾದರೆ ಕೋಶ ಲ್ಯಾಕ್-ಝಡ್ ಜೀನನ್ನೇ ಕಳೆದುಕೊಂಡಿರಬಹುದು, ಹಳೆಯ ಕೋಶ ಎಸೆದು ಹೊಸ ವಯಲ್ ತೆಗೆಯಿರಿ. ಕೆಂಪಾಗಿ, ಪೆಪ್ಟೈಡಿಗೆ ಮಾತ್ರ ಹಳದಿ ಎಂದರೆ ಟಿ ಕೋಶದ ಗ್ರಾಹಕ ಅಥವಾ ಅದಕ್ಕೆ ನೆರವಾಗುವ ಸಿಡಿ8 ಹೋಗಿದೆಯೇ ಎಂದು ಫ್ಲೋ ಸೈಟೋಮೀಟರ್‌ನಲ್ಲಿ (ಒಂದೊಂದು ಕೋಶದ ಮೇಲೆ ಯಾವ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಯಂತ್ರ, ಲ್ಯಾಬಿನ ಮಾತಲ್ಲಿ ಫ್ಲೋ) ನೋಡಿ. ಹಾಗೆಯೇ ಸಿಪಿಆರ್‌ಜಿ ದ್ರಾವಣಕ್ಕೆ ಡಿಟರ್ಜೆಂಟ್ ಹಾಕಿದ್ದೀರಾ? ನಗಬೇಡಿ. ಡಿಟರ್ಜೆಂಟ್ ಇಲ್ಲದಿದ್ದರೆ ಕೋಶ ಒಡೆಯುವುದಿಲ್ಲ, ಕಿಣ್ವ ಒಳಗೇ ಉಳಿಯುತ್ತದೆ. ನಾನು ಒಮ್ಮೆ ಮರೆತಿದ್ದೇನೆ.

ಇನ್ನೂ ಒಂದು ಸಣ್ಣ ವಿಷಯ, ಆದರೆ ದುಬಾರಿ. ಇಲಿಯ ತಳಿ. ಬಿಳಿ ಬಾಲ್ಬ್/ಸಿ ಇಲಿಯಲ್ಲಿ ಕೆ-ಬಿ ಇಲ್ಲ. ಅದರ ಡೆಂಡ್ರಿಟಿಕ್ ಕೋಶ (ಟಿ ಕೋಶಗಳಿಗೆ ಚೂರು ತೋರಿಸುವುದೇ ಇದರ ಕೆಲಸ) ತಂದು ಸಿನ್‌ಫೆಕಲ್ ಎಷ್ಟು ಸುರಿದರೂ ಬಿ3ಝಡ್ ತಿರುಗಿ ನೋಡುವುದಿಲ್ಲ. 1974ರಲ್ಲಿ ಕ್ಯಾನ್‌ಬೆರಾದಲ್ಲಿ ಜಿಂಕರ್‌ನಾಗೆಲ್ ಮತ್ತು ಡೋಹರ್ಟಿ ಕಂಡುಕೊಂಡದ್ದು ಇದನ್ನೇ: ಟಿ ಕೋಶ ವೈರಸ್ಸಿನ ಗುರುತನ್ನು ತನಗೆ ಪರಿಚಯದ ಎಂಎಚ್‌ಸಿ ಮೇಲಿದ್ದಾಗ ಮಾತ್ರ ಓದುತ್ತದೆ. ಅದಕ್ಕೆ ಅವರಿಗೆ 1996ರಲ್ಲಿ ನೊಬೆಲ್ ಬಂತು. ನಿಮಗೆ ಅದೇ ಪಾಠ ಪಂಜರದ ಚೀಟಿ ತಪ್ಪಿ ಓದಿದ್ದರಿಂದ ಸಿಗಬಹುದು.

ಎರಡು ಆಂಟಿಬಾಡಿ, ನಾಲ್ಕು ಉತ್ತರ

ದೋಷ ಒಳಗೆ ಎಂದು ಗೊತ್ತಾಯಿತು. ಈಗ ಉಳಿದ ದಾರಿಯನ್ನೂ ಎರಡು ಹೋಳು ಮಾಡಬೇಕು. ಇದಕ್ಕೆ ಫ್ಲೋ ಸೈಟೋಮೀಟರ್ ಸಾಕು.

ಒಂದು ಆಂಟಿಬಾಡಿ ಎಎಫ್6-88.5. ಒಳಗೆ ಯಾವ ಚೂರು ಕೂತಿದ್ದರೂ ಸರಿ, ಹೊರಮೈಯಲ್ಲಿ ಒಟ್ಟು ಕೆ-ಬಿ ಎಷ್ಟಿದೆ ಎಂದು ಹೇಳುತ್ತದೆ. ಇನ್ನೊಂದು 25-ಡಿ1.16. ಇದು ಸಿನ್‌ಫೆಕಲ್ ಕೂತ ಕೆ-ಬಿಯನ್ನು ಮಾತ್ರ ಹಿಡಿಯುತ್ತದೆ. 1997ರಲ್ಲಿ ಈ ಆಂಟಿಬಾಡಿ ಬಂದಾಗ ಟಿ ಕೋಶ ನೋಡುವುದನ್ನು ನಾವೂ ಕಣ್ಣಾರೆ ನೋಡುವಂತಾಯಿತು.

ಒಟ್ಟು ಕೆ-ಬಿ ಚೆನ್ನಾಗಿದೆ, ಸಿನ್‌ಫೆಕಲ್ ಕೆ-ಬಿ ಇಲ್ಲ: ಕಾರ್ಖಾನೆ ಓಡುತ್ತಿದೆ, ಈ ಒಂದು ಸರಕು ಮಾತ್ರ ಬರುತ್ತಿಲ್ಲ. ಟ್ಯಾಪ್, ಟ್ಯಾಪಾಸಿನ್, ಬೀಟಾ-2-ಎಂ ಎಲ್ಲವನ್ನೂ ಅನುಮಾನದ ಪಟ್ಟಿಯಿಂದ ತೆಗೆಯಿರಿ. ಅವು ಕೆಟ್ಟಿದ್ದರೆ ಬೇರೆ ಚೂರುಗಳೂ ಬರುತ್ತಿರಲಿಲ್ಲ, ಅಲ್ವಾ? ಒಟ್ಟು ಕೆ-ಬಿಯೇ ಕಡಿಮೆ: ಕಾರ್ಖಾನೆಯಲ್ಲೇ ತೊಂದರೆ. ಎರಡೂ ಚೆನ್ನಾಗಿವೆ, ಟಿ ಕೋಶ ಮಾತ್ರ ಸುಮ್ಮನಿದೆ: ಹಿಂದಿನ ಭಾಗಕ್ಕೆ ವಾಪಸ್ ಹೋಗಿ, ನೀವು ಏನೋ ತಪ್ಪಿಸಿಕೊಂಡಿದ್ದೀರಿ. ಸಿನ್‌ಫೆಕಲ್ ಕೆ-ಬಿ ಆಂಟಿಬಾಡಿಗೆ ಕಾಣುತ್ತಿಲ್ಲ, ಆದರೆ ಟಿ ಕೋಶ ಕೆಂಪಾಗುತ್ತಿದೆ: ಇದು ದೋಷವೇ ಅಲ್ಲ. ಫ್ಲೋನಲ್ಲಿ ಕಾಣಲು ಒಂದು ಕೋಶದ ಮೇಲೆ ನೂರಾರು ಬೇಕು. ಟಿ ಕೋಶಕ್ಕೆ ಬೆರಳೆಣಿಕೆ ಸಾಕು.

ಒಟ್ಟು ಕೆ-ಬಿ ಕಡಿಮೆ ಇದ್ದಾಗ

ಮೊದಲು ಕೋಶಗಳನ್ನು ಒಂದು ರಾತ್ರಿ 26 ಡಿಗ್ರಿಯಲ್ಲಿಡಿ. ವಿಚಿತ್ರ ಎನಿಸಬಹುದು, ಆದರೆ ಇಷ್ಟು ಸುಲಭದಲ್ಲಿ ಇಷ್ಟು ಮಾತಾಡುವ ಪರೀಕ್ಷೆ ಬೇರೊಂದಿಲ್ಲ.

ಆರ್‌ಎಂಎ-ಎಸ್ ಎಂಬ ಇಲಿ ಕೋಶದಲ್ಲಿ ಟ್ಯಾಪ್‌ನ ಎರಡು ಭಾಗಗಳಲ್ಲೊಂದು ಕೆಟ್ಟಿದೆ. ಸ್ಟಾಕ್‌ಹೋಮ್‌ನಲ್ಲಿ ಕ್ಲಾಸ್ ಕಾರೆ ಮತ್ತು ಹನ್ಸ್-ಗುಸ್ತಾಫ್ ಯುಂಗ್‌ಗ್ರೆನ್ ಇದನ್ನು ಬಳಸಿ ಎರಡು ದೊಡ್ಡ ವಿಷಯ ಕಂಡುಕೊಂಡರು. ಒಂದು, ಎಂಎಚ್‌ಸಿ ಕಾಣೆಯಾದ ಕೋಶವನ್ನು ಎನ್‌ಕೆ ಎಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶ ಕೊಲ್ಲುತ್ತದೆ ಎಂಬುದು. ಅದು 1986. ಇನ್ನೊಂದು 1990ರದ್ದು, ನಮಗೆ ಬೇಕಾದದ್ದು. ಚೂರು ಸಿಗದ ಖಾಲಿ ಕೆ-ಬಿಯೂ ಹೊರಮೈಗೆ ಬರುತ್ತದೆ. ಆದರೆ 37 ಡಿಗ್ರಿಯಲ್ಲಿ ಅದು ನಿಲ್ಲುವುದಿಲ್ಲ, ಬಿಚ್ಚಿಕೊಂಡು ಹೋಗುತ್ತದೆ. ತಣ್ಣಗಿದ್ದರೆ ನಿಲ್ಲುತ್ತದೆ.

ಆದ್ದರಿಂದ ನಿಮ್ಮ ಕೋಶದಲ್ಲಿ 26 ಡಿಗ್ರಿಗೆ ಕೆ-ಬಿ ಏರಿ, 37ಕ್ಕೆ ತಂದ ಮೇಲೆ ಕೆಲವೇ ಗಂಟೆಯಲ್ಲಿ ಇಳಿದರೆ, ಕೆ-ಬಿ ತಯಾರಾಗುತ್ತಿದೆ, ಚೂರು ಸಿಗುತ್ತಿಲ್ಲ. ತಣ್ಣಗಿರುವಾಗಲೇ ಸಿನ್‌ಫೆಕಲ್ ಹಾಕಿ 37ಕ್ಕೆ ತಂದು ನೋಡಿ. ಇಳಿಯದೆ ನಿಂತರೆ ಖಚಿತ. ಮೊದಲ ಅನುಮಾನ ಟ್ಯಾಪ್ ಮೇಲೆ. 26ಕ್ಕೂ ಏರಲೇ ಇಲ್ಲವೆಂದರೆ ಭಾರವಾದ ಸರಪಳಿ ಅಥವಾ ಬೀಟಾ-2-ಎಂ ಇಲ್ಲ. ಬೀಟಾ-2-ಎಂ ಇಲ್ಲದೆ ಸರಪಳಿ ಸರಿಯಾಗಿ ಮಡಚಿಕೊಳ್ಳುವುದೇ ಇಲ್ಲ. ಇಲ್ಲೊಂದು ಮಾತು: ಮೀಡಿಯಂಗೆ ಹಾಕುವ ಕರುವಿನ ಸೀರಂನಲ್ಲಿ ದನದ ಬೀಟಾ-2-ಎಂ ಇರುತ್ತದೆ. ಅದು ಇಲಿಯ ಎಂಎಚ್‌ಸಿಗೂ ಅಂಟಿಕೊಂಡು ದೋಷವನ್ನು ಅರ್ಧ ಮುಚ್ಚುತ್ತದೆ. ಅನುಮಾನವಿದ್ದರೆ ಈ ಪರೀಕ್ಷೆಯನ್ನು ಸೀರಂ ಇಲ್ಲದ ಮೀಡಿಯಂನಲ್ಲಿ ಮಾಡಿ. ಸೀರಂನಲ್ಲಿರುವ ಕಿಣ್ವಗಳು ಪೆಪ್ಟೈಡನ್ನು ಕಡಿಯುವುದೂ ಆಗ ತಪ್ಪುತ್ತದೆ.

ಮುಂದಿನದು ಇಂಟರ್‌ಫೆರಾನ್ ಗಾಮಾ, ರೋಗನಿರೋಧಕ ಕೋಶಗಳು ಹೊರಬಿಡುವ ಎಚ್ಚರಿಕೆಯ ಸಂದೇಶ. ಒಂದೆರಡು ದಿನ ಕೊಟ್ಟು ನೋಡಿ. ಟ್ಯಾಪ್, ಸರಪಳಿ, ಪ್ರೋಟಿಯಾಸೋಮ್‌ನ ವಿಶೇಷ ಭಾಗಗಳು, ಎಲ್ಲವನ್ನೂ ಇದು ಒಟ್ಟಿಗೆ ಎಬ್ಬಿಸುತ್ತದೆ. ಬಿ16 ಎಂಬ ಇಲಿಯ ಮೆಲನೋಮಾದಲ್ಲಿ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಎಂಎಚ್‌ಸಿ ಬಹಳ ಕಡಿಮೆ, ಇಂಟರ್‌ಫೆರಾನ್ ಕೊಟ್ಟರೆ ಏರುತ್ತದೆ. ಅಂದರೆ ಜೀನ್ ಕೆಟ್ಟಿಲ್ಲ, ಮಲಗಿದೆ. ಏರದಿದ್ದರೆ ಜೀನೇ ಮುರಿದಿರಬಹುದು, ಅಥವಾ ಇಂಟರ್‌ಫೆರಾನಿನ ಕರೆ ಒಳಗೆ ಮುಟ್ಟುತ್ತಿಲ್ಲ. ಎರಡನೆಯದು ಕೇವಲ ಲ್ಯಾಬಿನ ಕತೆಯಲ್ಲ. ಟಿ ಕೋಶದ ಬ್ರೇಕಿನಂತಿರುವ ಪಿಡಿ-1 ಅನ್ನು ತಡೆಯುವ ಔಷಧಿಗೆ ಮೊದಲು ಕರಗಿ, ಆಮೇಲೆ ಮತ್ತೆ ಬೆಳೆದ ಮೆಲನೋಮಾ ಗಡ್ಡೆಗಳನ್ನು 2016ರಲ್ಲಿ ನೋಡಿದಾಗ ಕೆಲವರಲ್ಲಿ ಆ ಕರೆಯನ್ನು ಒಳಗೆ ಮುಟ್ಟಿಸುವ ಜ್ಯಾಕ್1 ಅಥವಾ ಜ್ಯಾಕ್2 ಕೆಟ್ಟಿತ್ತು, ಒಬ್ಬರಲ್ಲಿ ಬೀಟಾ-2-ಎಂ ಕೆಟ್ಟಿತ್ತು. ಗಡ್ಡೆ ಇದೇ ದಾರಿಯಲ್ಲಿ ತನಗೆ ಅನುಕೂಲವಾದ ಒಂದು ಕೊಂಡಿ ಕತ್ತರಿಸಿಕೊಂಡಿತ್ತು.

ಇಂಟರ್‌ಫೆರಾನ್ ಬಳಸುವಾಗ ಒಂದು ಎಚ್ಚರಿಕೆ. ಅದು ಪ್ರೋಟಿಯಾಸೋಮ್‌ನ ಹಲ್ಲುಗಳನ್ನೇ ಬದಲಿಸುತ್ತದೆ, ಕತ್ತರಿಸುವ ಜಾಗವೂ ಬದಲಾಗುತ್ತದೆ. ಕೆಲವು ಚೂರು ಜಾಸ್ತಿ ಬರುತ್ತವೆ. ಮೆಲಾನ್-ಎ ಪ್ರೋಟೀನಿನ ಹೆಸರಾದ ಒಂದು ಚೂರು ಮಾತ್ರ ಕಡಿಮೆಯಾಗುತ್ತದೆ. ಒಟ್ಟು ಎಂಎಚ್‌ಸಿ ಏರಿದರೂ ನಿಮ್ಮ ಚೂರು ಇಳಿಯಬಹುದು.

ವೈರಸ್ ಹೊಕ್ಕ ಕೋಶವಾದರೆ ದೋಷ ಬೇಕೆಂದೇ ಮಾಡಿದ್ದು. ಈ ದಾರಿಯ ಪ್ರತಿ ತಿರುವಿನಲ್ಲೂ ಯಾವುದಾದರೊಂದು ವೈರಸ್ ಕೂತಿದೆ. ಹರ್ಪಿಸ್ ಸಿಂಪ್ಲೆಕ್ಸ್ ತನ್ನ ಐಸಿಪಿ47 ಎಂಬ ಪ್ರೋಟೀನಿನಿಂದ ಟ್ಯಾಪ್‌ನ ಬಾಯಿ ಮುಚ್ಚುತ್ತದೆ. ಸೈಟೋಮೆಗಾಲೋವೈರಸ್ಸಿನ ಯುಎಸ್6 ಅದೇ ಟ್ಯಾಪ್ ಅನ್ನು ಒಳಕೋಣೆ ಕಡೆಯಿಂದ ತಡೆಯುತ್ತದೆ. ಅದೇ ವೈರಸ್ಸಿನ ಯುಎಸ್2 ಮತ್ತು ಯುಎಸ್11 ಸರಪಳಿಯನ್ನು ಇಆರ್‌ನಿಂದ ಹೊರಗೆಳೆದು ಪ್ರೋಟಿಯಾಸೋಮ್‌ಗೆ ಒಪ್ಪಿಸುತ್ತವೆ. ಅಡಿನೋವೈರಸ್ಸಿನ ಇ3-19ಕೆ ಎಂಎಚ್‌ಸಿಯನ್ನು ಇಆರ್‌ನಲ್ಲೇ ಕೂಡಿಹಾಕುತ್ತದೆ. ಎಚ್‌ಐವಿಯ ನೆಫ್ ಹೊರಮೈಗೆ ಬಂದದ್ದನ್ನೂ ವಾಪಸ್ ಎಳೆಯುತ್ತದೆ. ಕೂಡಿಹಾಕಿದ್ದೋ, ವಾಪಸ್ ಎಳೆದದ್ದೋ ತಿಳಿಯಲು ಎಂಡೋ-ಎಚ್ ಕಿಣ್ವ ಹಾಕಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಮಾಡಿ. ಗಾಲ್ಜಿ ದಾಟದ ಎಂಎಚ್‌ಸಿಯ ಸಕ್ಕರೆಯನ್ನು ಎಂಡೋ-ಎಚ್ ಕತ್ತರಿಸುತ್ತದೆ, ದಾಟಿ ಬಂದದ್ದನ್ನು ಮುಟ್ಟುವುದಿಲ್ಲ.

ಇಲ್ಲೂ ಒಂದು ಮೋಸವಿದೆ. ಐಸಿಪಿ47 ಮನುಷ್ಯನ ಟ್ಯಾಪ್‌ಗೆ ಚೆನ್ನಾಗಿ ಅಂಟುತ್ತದೆ, ಇಲಿಯ ಟ್ಯಾಪ್‌ಗೆ ಸರಿಯಾಗಿ ಅಂಟುವುದಿಲ್ಲ. ಇಲಿ ಕೋಶದಲ್ಲಿ ಹರ್ಪಿಸ್ ಹಾಕಿ, ಎಂಎಚ್‌ಸಿ ಇಳಿಯದೇ ಇದ್ದದ್ದು ನೋಡಿ, ವೈರಸ್ ಸ್ಟಾಕ್ ಕೆಟ್ಟಿದೆ ಎಂದು ಎಸೆಯಬೇಡಿ.

ಮನುಷ್ಯರಲ್ಲಿ ಇದೇ ದೋಷ ಹುಟ್ಟಿನಿಂದಲೇ ಬರುವುದುಂಟು, ಅಪರೂಪಕ್ಕೆ. ಟ್ಯಾಪ್ ಕೆಟ್ಟ ಮಕ್ಕಳಿಗೆ ವೈರಸ್ ಕಾಟ ವಿಪರೀತ ಇರಬೇಕು ಎಂದು ನಾವು ಊಹಿಸುತ್ತೇವೆ. ನಿಜದಲ್ಲಿ ಅವರನ್ನು ಕಾಡುವುದು ಮೂಗು ಮತ್ತು ಶ್ವಾಸಕೋಶದ ಬ್ಯಾಕ್ಟೀರಿಯಾ ಸೋಂಕು, ಕೆಲವರಿಗೆ ಚರ್ಮದ ಹುಣ್ಣು. ಹೊರಗಿನಿಂದ ನುಂಗಿದ ಪ್ರೋಟೀನಿನ ಚೂರು ತೋರಿಸುವುದು ಎರಡನೇ ದರ್ಜೆಯ ಎಂಎಚ್‌ಸಿ. ಅದು ಇಲ್ಲದ ಮಕ್ಕಳ ಸ್ಥಿತಿ ಇನ್ನೂ ಗಂಭೀರ. ಮೊದಲ ವರ್ಷದಲ್ಲೇ ಸೋಂಕಿನ ಮೇಲೆ ಸೋಂಕು. ಇವರ ಬಿ ಕೋಶಗಳ ಮೇಲೆ ಎಚ್‌ಎಲ್‌ಎ-ಡಿಆರ್ (ಎರಡನೇ ದರ್ಜೆಯ ಒಂದು ಎಂಎಚ್‌ಸಿ) ಇದೆಯೇ ಎಂದು ಫ್ಲೋನಲ್ಲಿ ನೋಡಿದರೆ ಸುಳಿವು ಸಿಗುತ್ತದೆ. ಸ್ವಾರಸ್ಯವೆಂದರೆ ಇವರಲ್ಲಿ ಎಂಎಚ್‌ಸಿ ಜೀನುಗಳು ಸರಿಯಾಗೇ ಇರುತ್ತವೆ. ಅವುಗಳನ್ನು ಹೊತ್ತಿಸುವ ನಾಲ್ಕು ಜೀನುಗಳಲ್ಲಿ ಒಂದು ಕೆಟ್ಟಿರುತ್ತದೆ. ಬಲ್ಬ್ ಸರಿ, ಸ್ವಿಚ್ ಹೋಗಿದೆ.

ಒಟ್ಟು ಕೆ-ಬಿ ಸರಿ, ನಮ್ಮ ಚೂರು ಮಾತ್ರ ಇಲ್ಲ

ಈಗ ಮೆಟ್ಟಿಲು ಇಳಿಯುವ ಆಟ. ಒಂದೇ ಚೂರನ್ನು ಬೇರೆ ಬೇರೆ ಎತ್ತರದಿಂದ ದಾರಿಗೆ ಬಿಡುವುದು. ಮೂರು ಪ್ಲಾಸ್ಮಿಡ್, ಎಂದರೆ ಕೋಶದೊಳಗೆ ಜೀನ್ ಹೊತ್ತೊಯ್ಯುವ ಡಿಎನ್‌ಎ ಬಳೆ, ಬೇಕು.

ಮೊದಲನೆಯದು ಸಿನ್‌ಫೆಕಲ್ ಮುಂದೆ ಇಆರ್‌ಗೆ ಹೋಗುವ ವಿಳಾಸದ ಚೀಟಿ ಅಂಟಿಸಿದ್ದು. ಇದಕ್ಕೆ ಪ್ರೋಟಿಯಾಸೋಮೂ ಬೇಡ, ಟ್ಯಾಪೂ ಬೇಡ. ಎರಡನೆಯದು ಬರೀ ಮೆಥಿಯೋನಿನ್ ಮತ್ತು ಸಿನ್‌ಫೆಕಲ್, ಒಂಬತ್ತೇ ಅಮೈನೋ ಆಮ್ಲ. ಇದು ಇಆರ್‌ನ ಹೊರಗೆ, ಕೋಶದ ರಸದಲ್ಲಿ ಹುಟ್ಟುತ್ತದೆ, ಕತ್ತರಿಸಲು ಪ್ರೋಟಿಯಾಸೋಮ್ ಬೇಡ, ದಾಟಲು ಟ್ಯಾಪ್ ಬೇಕು. ಮೂರನೆಯದು ಪೂರ್ತಿ ಓವಾಲ್ಬುಮಿನ್. ಇದಕ್ಕೆ ಎಲ್ಲವೂ ಬೇಕು. ಮೂರನ್ನೂ ಕೋಶಕ್ಕೆ ಹಾಕಿ ಬಿ3ಝಡ್ ಕೇಳಿ. ಮೊದಲನೆಯದು ಕೆಂಪು, ಎರಡನೆಯದು ಹಳದಿ ಎಂದರೆ ಟ್ಯಾಪ್. ಎರಡನೆಯದೂ ಕೆಂಪು, ಮೂರನೆಯದು ಮಾತ್ರ ಹಳದಿ ಎಂದರೆ ಪ್ರೋಟೀನ್ ತಯಾರಾಗುತ್ತಿಲ್ಲ ಅಥವಾ ಕತ್ತರಿಸುತ್ತಿಲ್ಲ. ಇನ್ನೂ ಹುರುಪಿದ್ದರೆ ನಾಲ್ಕನೆಯದು ಮಾಡಿ: ಸಿನ್‌ಫೆಕಲ್ ಮುಂದೆ ನಾಲ್ಕೈದು ಅಮೈನೋ ಆಮ್ಲ ಹೆಚ್ಚು ಇಟ್ಟು, ಅದರ ಮುಂದೆ ಇಆರ್ ಚೀಟಿ. ಇದನ್ನು ಸವರಲು ಇರ್ಯಾಪ್ ಬೇಕು. 2002ರಲ್ಲಿ ಶಾಸ್ತ್ರಿ ಅವರ ತಂಡವೇ ಈ ಕಿಣ್ವವನ್ನು ಇಲಿಯಲ್ಲಿ ಗುರುತಿಸಿತು. ಬಲ ತುದಿಯನ್ನು ಮಾತ್ರ ಪ್ರೋಟಿಯಾಸೋಮ್ ಸರಿಯಾಗಿ ಕತ್ತರಿಸಿ ಕೊಡಬೇಕು. ಅಲ್ಲಿ ತಪ್ಪಿದರೆ ಇಆರ್‌ನಲ್ಲಿ ತಿದ್ದುವವರು ಹೆಚ್ಚುಕಡಿಮೆ ಇಲ್ಲ.

ಪ್ಲಾಸ್ಮಿಡ್ ಮಾಡಲು ಬೇಜಾರಾಗಿ ನೇರವಾಗಿ ಪ್ರೋಟಿಯಾಸೋಮ್ ತಡೆಯುವ ಔಷಧಿ ಹಾಕುವವರು ಜಾಸ್ತಿ. ಎಪೊಕ್ಸೊಮೈಸಿನ್ ಹಾಕಿದೆ, ಏನೂ ಬದಲಾಗಲಿಲ್ಲ, ಆದ್ದರಿಂದ ಇದು ಪ್ರೋಟಿಯಾಸೋಮ್ ಕೆಲಸ ಅಲ್ಲ ಎನ್ನುತ್ತಾರೆ. ಈ ವಾಕ್ಯ ಎಷ್ಟು ಸಲ ಕೇಳಿದ್ದೇನೋ. ಔಷಧಿ ಹಾಕುವ ಮೊದಲೇ ಹೊರಮೈಯಲ್ಲಿದ್ದ ಚೂರುಗಳು ಎಲ್ಲಿಗೆ ಹೋಗಬೇಕು? ಸಿನ್‌ಫೆಕಲ್ ಕೆ-ಬಿ ಗಂಟೆಗಟ್ಟಲೆ ಕದಲುವುದಿಲ್ಲ. ಹಳೆಯದನ್ನು ಅಳಿಸದೆ ಹೊಸದು ಬಂತೇ ಎಂದು ತಿಳಿಯುವುದಿಲ್ಲ.

ಅಳಿಸಲು ಹುಳಿ ಬೇಕು. ಪಿಎಚ್ 3ರ ಆಸುಪಾಸಿನ ಸಿಟ್ರೇಟ್ ಬಫರ್‌ನಲ್ಲಿ ಕೋಶಗಳನ್ನು ಎರಡು ನಿಮಿಷ ಇಟ್ಟರೆ ಬೀಟಾ-2-ಎಂ ಕಳಚುತ್ತದೆ, ಚೂರು ಬೀಳುತ್ತದೆ. ತಕ್ಷಣ ಜಾಸ್ತಿ ಮೀಡಿಯಂ ಹಾಕಿ ತೊಳೆಯಿರಿ. ಎರಡು ನಿಮಿಷ ನಾಲ್ಕಾದರೆ ಕೋಶ ಸಾಯಲು ಶುರು, ಗಡಿಯಾರ ನೋಡುತ್ತಾ ಮಾಡಿ. ಆಮೇಲೆ ನಾಲ್ಕು ಪಾಲು ಮಾಡಿ 37 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಬಿಡಿ. ಒಂದು ಪಾಲಿಗೆ ಏನೂ ಬೇಡ. ಒಂದಕ್ಕೆ ಎಪೊಕ್ಸೊಮೈಸಿನ್. ಒಂದಕ್ಕೆ ಬ್ರೆಫೆಲ್ಡಿನ್-ಎ, ಇದು ಇಆರ್‌ನಿಂದ ಹೊರಡುವ ಎಲ್ಲವನ್ನೂ ನಿಲ್ಲಿಸುತ್ತದೆ, ಅಲ್ಲಿ ಏನೂ ಮರಳಬಾರದು. ಮರಳಿದ್ದರೆ ನಿಮ್ಮ ಹುಳಿ ಸಾಲಲಿಲ್ಲ. ಕೊನೆಯದಕ್ಕೆ ಎಪೊಕ್ಸೊಮೈಸಿನ್ ಜೊತೆಗೆ ಹೊರಗಿನಿಂದ ಪೆಪ್ಟೈಡ್.

ಈ ಕೊನೆಯ ಪಾಲನ್ನು ಯಾರೂ ಮಾಡುವುದಿಲ್ಲ, ಆದರೆ ಅದೇ ಮುಖ್ಯ. ಔಷಧಿ ಸ್ವಲ್ಪ ಉಳಿದುಕೊಂಡು ಬಿ3ಝಡ್ ಕೋಶವನ್ನೇ ಮೂಲೆಗೆ ಕೂರಿಸಬಹುದು. ಆಗ ಹಳದಿ ಬರುವುದು ಚೂರು ಇಲ್ಲದ್ದರಿಂದಲ್ಲ, ನೋಡುವವನಿಗೆ ಜ್ವರ ಬಂದದ್ದರಿಂದ. ಪೆಪ್ಟೈಡ್ ಹಾಕಿದ ಪಾಲು ಕೆಂಪಾದರೆ ಮಾತ್ರ ಉಳಿದ ಹಳದಿಯನ್ನು ನಂಬಿ. ಇನ್ನೂ ಒಳ್ಳೆಯದು, ಬಿ3ಝಡ್ ಹಾಕುವ ಮೊದಲು ಕೋಶಗಳನ್ನು ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ ಚೆನ್ನಾಗಿ ತೊಳೆಯುವುದು. ಪ್ರೋಟಿಯಾಸೋಮ್ ತಡೆಯುವ ಇನ್ನೊಂದು ಔಷಧಿ ಎಂಜಿ132 ಅಗ್ಗ ಎಂದು ಅದನ್ನೇ ಹಾಕುತ್ತೀರಾದರೆ ಅದು ಕ್ಯಾಲ್ಪೇನ್, ಕ್ಯಾಥೆಪ್ಸಿನ್ ಎಂಬ ಬೇರೆ ಕತ್ತರಿಸುವ ಕಿಣ್ವಗಳನ್ನೂ ತಡೆಯುತ್ತದೆ ಎಂಬುದು ನೆನಪಿರಲಿ.

ಕೆಂಪಾಗಬಾರದ್ದು ಕೆಂಪಾದರೆ

ಇದು ಹಳದಿಗಿಂತ ಅಪಾಯ. ಹಳದಿ ಬಂದರೆ ತಲೆ ಕೆರೆದುಕೊಳ್ಳುತ್ತೇವೆ, ಕೆಂಪು ಬಂದರೆ ಲೇಖನ ಬರೆಯುತ್ತೇವೆ.

ಡೆಂಡ್ರಿಟಿಕ್ ಕೋಶಗಳು ಹೊರಗಿನ ಪ್ರೋಟೀನನ್ನು ನುಂಗಿ ಒಂದನೇ ದರ್ಜೆಯ ಎಂಎಚ್‌ಸಿ ಮೇಲೂ ತೋರಿಸಬಲ್ಲವು. ಅದನ್ನು ಅಳೆಯಲು ಓವಾಲ್ಬುಮಿನ್ ಪುಡಿ ಕರಗಿಸಿ ಕೊಡುತ್ತೇವೆ. ಆ ಪುಡಿಯಲ್ಲಿ ಮೊದಲೇ ಮುರಿದ ತುಂಡುಗಳು ಇರುತ್ತವೆ. ಅವು ನುಂಗದೆಯೇ ಹೊರಮೈಯ ಕೆ-ಬಿ ಮೇಲೆ ಹೋಗಿ ಕೂರಬಹುದು. ತಿಳಿಯುವುದು ಸುಲಭ. ಕೋಶಗಳನ್ನು ಮೊದಲೇ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಆಮೇಲೆ ಓವಾಲ್ಬುಮಿನ್ ಕೊಡಿ. ಸತ್ತ ಕೋಶ ನುಂಗುವುದಿಲ್ಲ, ಕತ್ತರಿಸುವುದಿಲ್ಲ. ಆದರೂ ಕೆಂಪಾದರೆ ಪುಡಿಯಲ್ಲೇ ಚೂರು ಇದೆ, ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ ಸಣ್ಣ ಚೂರುಗಳನ್ನು ಸೋಸಿ) ಅಥವಾ ಬೇರೆ ಪುಡಿ ತನ್ನಿ. ಬಿ3ಝಡ್ ಬದಲು, ಸಿನ್‌ಫೆಕಲ್ ಗುರುತಿಸುವಂತೆ ಮಾಡಿದ ಒಟಿ-1 ಇಲಿಯ ಟಿ ಕೋಶ ಬಳಸುತ್ತಿದ್ದರೆ ಇನ್ನೂ ಎರಡು ಕಡೆ ನೋಡಿ. ಪುಡಿಯಲ್ಲಿರುವ ಎಲ್‌ಪಿಎಸ್ ಎಂಬ ಬ್ಯಾಕ್ಟೀರಿಯಾದ ಅಂಶ ಡೆಂಡ್ರಿಟಿಕ್ ಕೋಶವನ್ನು ಕೆರಳಿಸಿ ಉತ್ತರವನ್ನೇ ತಿರುಚುತ್ತದೆ. ಜೊತೆಗೆ ಒಟಿ-1 ಕೋಶದ ಮೇಲೇ ಕೆ-ಬಿ ಇರುವುದರಿಂದ, ತೊಳೆಯದೆ ಉಳಿದ ಪೆಪ್ಟೈಡನ್ನು ಅವು ಒಂದಕ್ಕೊಂದು ತೋರಿಸಿಕೊಳ್ಳುತ್ತವೆ.

ನಮ್ಮ ಪ್ಲೇಟಿಗೆ ಏನಾಗಿತ್ತು

ಮೂರು ತಿಂಗಳು ಟ್ಯಾಪ್ ಹಿಂದೆ ಓಡಿ, ವೆಸ್ಟರ್ನ್ ಬ್ಲಾಟ್ ಮೇಲೆ ವೆಸ್ಟರ್ನ್ ಬ್ಲಾಟ್ ಮಾಡಿ, ಕೊನೆಗೆ ಒಬ್ಬ ಹೊಸ ಹುಡುಗಿ ಕೇಳಿದಳು: ಸಾರ್, ಪೆಪ್ಟೈಡ್ ಹೊರಗಿನಿಂದ ಹಾಕಿ ನೋಡಿದ್ದೀರಾ? ನೋಡಿರಲಿಲ್ಲ. ಹಾಕಿದೆವು. ಕಡುಕೆಂಪು, ಇಎಲ್4 ಗೆರೆಯ ಮೇಲೇ ಬಿತ್ತು. ಮಾರನೇ ದಿನ ಫ್ಲೋ. ಒಟ್ಟು ಕೆ-ಬಿ ಚೆನ್ನಾಗಿತ್ತು, 25-ಡಿ1.16 ಶೂನ್ಯ. ಆ ಒಂದು ಚಿತ್ರದಿಂದ ಟ್ಯಾಪ್ ನಿರಪರಾಧಿ. ಮೂರನೇ ದಿನ ಕೋಶದ ಮೀಡಿಯಂನಲ್ಲೇ ಓವಾಲ್ಬುಮಿನ್ ಹುಡುಕಿದೆವು. ಓವಾಲ್ಬುಮಿನ್ ಕೋಶದಿಂದ ಹೊರಕ್ಕೆ ಸುರಿಯುವ ಪ್ರೋಟೀನ್, ಇ.ಜಿ7 ಬೆಳೆದ ಮೀಡಿಯಂನಲ್ಲಿ ಇರಲೇಬೇಕು. ಇರಲಿಲ್ಲ.

ಇ.ಜಿ7 ಕೋಶ ಓವಾಲ್ಬುಮಿನ್ ಜೀನನ್ನು ಉಳಿಸಿಕೊಳ್ಳುವುದು ಜಿ418 ಎಂಬ ಕೋಶ ಕೊಲ್ಲುವ ಔಷಧಿಯ ಭಯಕ್ಕೆ, ಅದನ್ನು ತಡೆದುಕೊಳ್ಳುವ ಜೀನ್ ಓವಾಲ್ಬುಮಿನ್ ಜೀನಿನ ಜೊತೆಗೇ ಇದೆ. ಮೀಡಿಯಂನಲ್ಲಿ ಪ್ರತಿ ಮಿಲಿಲೀಟರಿಗೆ 0.4 ಮಿಲಿಗ್ರಾಂ ಇರಬೇಕು. ನಮ್ಮಲ್ಲಿ ಯಾರೋ ಅದು ದುಬಾರಿ ಎಂದು ನಿಲ್ಲಿಸಿದ್ದರು. ಯಾರು ಎಂದು ನಾನು ವಿಚಾರಿಸಲು ಹೋಗಲಿಲ್ಲ, ಏಕೆಂದರೆ ಆರ್ಡರ್ ಪುಸ್ತಕದಲ್ಲಿ ಆ ಸಾಲು ಹೊಡೆದಿದ್ದ ಕೈಬರಹ ನನ್ನದೇ ಹಾಗೆ ಕಾಣುತ್ತಿತ್ತು. ವಾರಗಟ್ಟಲೆ ಔಷಧಿ ಇಲ್ಲದೆ ಬೆಳೆದ ಮೇಲೆ ನಮ್ಮ ಫ್ಲಾಸ್ಕಿನಲ್ಲಿ ಉಳಿದಿದ್ದದ್ದು ಹೆಸರಿಗೆ ಮಾತ್ರ ಇ.ಜಿ7, ಕೆಲಸಕ್ಕೆ ಇಎಲ್4.

ಲಿಕ್ವಿಡ್ ನೈಟ್ರೋಜನ್ ಟ್ಯಾಂಕಿನ ತಳದಿಂದ ಹಳೆಯ ವಯಲ್ ಒಂದನ್ನು ತೆಗೆದು, ಜಿ418 ಹಾಕಿ ಎರಡು ವಾರ ಬೆಳೆಸಿದೆವು. ಮತ್ತೆ ಅದೇ ಪ್ಲೇಟ್, ಅದೇ ಸಿಪಿಆರ್‌ಜಿ. ಈ ಸಲ ಕಾಫಿಗೆ ಹೋಗಲಿಲ್ಲ, ಎದುರಿಗೇ ಕೂತೆ. ಮುಕ್ಕಾಲು ಗಂಟೆಯಲ್ಲಿ ಇ.ಜಿ7 ಸಾಲು ಕಿತ್ತಳೆಗೆ ತಿರುಗಿತು, ಆಮೇಲೆ ಕೆಂಪು. ಕೆಳಗಿನ ಇಎಲ್4 ಸಾಲು ಸಂಜೆಯವರೆಗೂ ಹಳದಿಯಾಗೇ ಇತ್ತು. ಆ ಹುಡುಗಿ ಮೊಬೈಲ್‌ನಲ್ಲಿ ಫೋಟೋ ತೆಗೆದದ್ದು ಆ ಹಳದಿ ಸಾಲಿನದ್ದು.